ಮಳೆಗಾಲದಲ್ಲಿ ಜಟೆಗೆ ಹಿಡಿದ ಮುಗ್ಗಲು ವಾಸನೆ ಹೋದದ್ದು ಹೀಗೆ

ಜಟೆ ಬಿಟ್ಟು 2 ವರ್ಷವಾಯಿತು. ಮೇಣ ಹಚ್ಚಲಿಲ್ಲ, ಸಲೂನಿಗೂ ಹೋಗಲಿಲ್ಲ. ಬಾಚುವುದನ್ನು ಬಿಟ್ಟೆ, ಕೂದಲು ತಾನೇ ಗಂಟುಕಟ್ಟಿತು. ವಾರಕ್ಕೊಮ್ಮೆ ಬುಡದಲ್ಲಿ ಒಂದಕ್ಕೊಂದು ಅಂಟಿದ್ದನ್ನು ಬೆರಳಿನಿಂದ ಬಿಡಿಸುತ್ತಿದ್ದೆ, ಅಷ್ಟೇ.

ತೊಂದರೆ ಶುರುವಾದದ್ದು ಮಲ್ಪೆಯ ಆಟಿ ಮಳೆಯಲ್ಲಿ. ದಿಂಬಿಗೆಲ್ಲ ಮುಗ್ಗಲು ವಾಸನೆ. ಅಜ್ಜಿ ಹತ್ತಿರ ಕೂರಿಸಿಕೊಂಡು ಒಂದು ಜಟೆ ಹಿಂಡಿದರು. "ಎಂತ ಮಗಾ, ಇದರೊಳಗೆ ಇನ್ನೂ ನೀರುಂಟಲ್ಲ!" ಮೇಲೆ ಒಣಗಿತ್ತು, ಒಳಗೆ ಹಸಿ. ರಾತ್ರಿ ಮಿಂದು ಹಾಗೇ ಮಲಗುತ್ತಿದ್ದೆ. ಸಾಲದ್ದಕ್ಕೆ ತೆಂಗಿನೆಣ್ಣೆ, ಅದು ಒಳಗೇ ಕೂತು ಧೂಳು ಹಿಡಿದಿತ್ತು.

ಅರ್ಧ ಬಾಲ್ದಿ ಬೆಚ್ಚಗಿನ ನೀರಿಗೆ 2 ಚಮಚ ಅಡುಗೆ ಸೋಡಾ ಹಾಕಿ 15 ನಿಮಿಷ ಜಟೆ ನೆನೆಸಿದೆ. ನೀರು ಬೂದಿ ಬಣ್ಣಕ್ಕೆ ತಿರುಗಿದ್ದು ನೋಡಿ ಹೊಟ್ಟೆ ತೊಳಸಿತು. ಆಮೇಲೆ 1 ಪಾಲು ವಿನೆಗರಿಗೆ 4 ಪಾಲು ನೀರು ಬೆರೆಸಿ ಸುರಿದು, ಚೆನ್ನಾಗಿ ತೊಳೆದೆ.

ಈಗ ತಲೆಗೆ ಮೀಯುವುದು ವಾರಕ್ಕೊಮ್ಮೆ, ಬೆಳಿಗ್ಗೆಯೇ. ಒಂದೊಂದೇ ಜಟೆಯನ್ನು ಹತ್ತಿಯ ಬೈರಾಸಿನಲ್ಲಿ ಸುತ್ತಿ ಹಿಂಡಿ, ಫ್ಯಾನಿನಡಿ ಕೂರುತ್ತೇನೆ. ಪೂರ್ತಿ ಒಣಗದೆ ಕಟ್ಟುವುದೇ ಇಲ್ಲ. ಎಣ್ಣೆ ಬಿಟ್ಟೆ. ವಾಸನೆ ಮತ್ತೆ ಬಂದಿಲ್ಲ. ಸೋಡಾ ಮಾತ್ರ ಪದೇಪದೇ ಬೇಡ, ನೆತ್ತಿ ಒಣಗಿ ತುರಿಸುತ್ತದೆ.