ಬ್ರೇಕ್ ಲೈಟ್ ಬಲ್ಬ್ ಮನೆಯಲ್ಲೇ ಹಾಕಿದ್ದು, ಹೋಲ್ಡರ್ ಕ್ಲೀನ್ ಮಾಡಿದ್ದು

ಮಲೆನಾಡಿನಲ್ಲಿ ಕಾರು ಓಡಿಸುವವರು ಬ್ರೇಕ್ ಲೈಟ್ ಹೋದಾಗ ಬಲ್ಬ್ ಒಂದನ್ನೇ ಬದಲಾಯಿಸಿ ಸುಮ್ಮನಾಗಬೇಡಿ. ಬಲ್ಬ್ ಕೂರುವ ಹೋಲ್ಡರನ್ನೂ ನೋಡಿ. ನಮ್ಮ ಕಡೆ ಅರ್ಧ ತೊಂದರೆ ಅಲ್ಲೇ ಇರುತ್ತದೆ. ನಾನು ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ನನ್ನದು ಹಳೆ ಹ್ಯಾಚ್‌ಬ್ಯಾಕ್. ಮನೆ ಶಿವಮೊಗ್ಗದಲ್ಲಿ, ಊರು ತೀರ್ಥಹಳ್ಳಿಯಿಂದ ಆಚೆ, ಹಾಗಾಗಿ ಮಳೆಗಾಲ ಪೂರ್ತಿ ಕಾರು ಅದೇ ರಸ್ತೆಯಲ್ಲಿ ನೆನೆಯುತ್ತಾ ಓಡಾಡುತ್ತದೆ. ಪುಷ್ಯ ಮಳೆ ಜೋರಾಗಿದ್ದ ಒಂದು ಸಂಜೆ ಮಂಡಗದ್ದೆ ಹತ್ತಿರ ಟೀಗೆ ನಿಲ್ಲಿಸಿದ್ದೆ. ಹಿಂದೆ ಬರುತ್ತಿದ್ದ ಪಿಕಪ್ ಗಾಡಿಯವರೂ ಅಲ್ಲೇ ಇಳಿದು ಬಂದು, "ಮಾರಾಯ್ರೆ, ನಿಮ್ಮ ಎಡಗಡೆ ಬ್ರೇಕ್ ಲೈಟ್ ಹತ್ತುತ್ತಾ ಇಲ್ಲ, ನೋಡ್ಕಳ್ಳಿ" ಅಂದರು. ಅವರಿಗೆ ನಾನು ಋಣಿ. ಸ್ಟೀರಿಂಗ್ ಹಿಂದೆ ಕೂತವನಿಗೆ ಅದು ಕಾಣುವುದೇ ಇಲ್ಲವಲ್ಲ.

ಬಲ್ಬ್ ಕೊಳ್ಳುವ ಮೊದಲು ಹೋಗಿರುವುದು ಏನು ಅಂತ ತಿಳಿಯಬೇಕು. ಮನೆಯಲ್ಲಿ ಇನ್ನೊಬ್ಬರಿದ್ದರೆ ಕಾರಿನ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿದರಾಯಿತು. ಒಬ್ಬರೇ ಇದ್ದರೆ ಕತ್ತಲಾದ ಮೇಲೆ ಕಾರಿನ ಹಿಂಭಾಗವನ್ನು ಕಾಂಪೌಂಡ್ ಗೋಡೆ ಹತ್ತಿರಕ್ಕೆ ತಂದು ನಿಲ್ಲಿಸಿ, ಬ್ರೇಕ್ ಒತ್ತಿ ಕನ್ನಡಿಯಲ್ಲಿ ನೋಡಿ. ಗೋಡೆ ಮೇಲೆ ಕೆಂಪು ಬೆಳಕು ಎಷ್ಟು ಕಡೆ ಬೀಳುತ್ತದೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಕೆಲವು ಕಾರುಗಳಲ್ಲಿ ಕೀ ಆನ್ ಮಾಡದೆ ಬ್ರೇಕ್ ಲೈಟ್ ಹತ್ತುವುದಿಲ್ಲ, ಅದು ನೆನಪಿರಲಿ.

ಒಂದು ಕಡೆ ಮಾತ್ರ ಹತ್ತದಿದ್ದರೆ ತೊಂದರೆ ಆ ಕಡೆಯ ಬಲ್ಬಿನದು ಅಥವಾ ಹೋಲ್ಡರಿನದು. ಎರಡೂ ಕಡೆ, ಮೇಲಿನ ಮೂರನೇ ಲೈಟೂ ಸೇರಿ ಎಲ್ಲವೂ ಹೋಗಿದ್ದರೆ ಬಲ್ಬ್ ಮುಟ್ಟಲು ಹೋಗಬೇಡಿ. ಮೊದಲು ಫ್ಯೂಸ್ ನೋಡಿ, ಆಮೇಲೆ ಬ್ರೇಕ್ ಪೆಡಲ್ ಮೇಲ್ಗಡೆ ಇರುವ ಪುಟ್ಟ ಸ್ವಿಚ್. ಇನ್ನೊಂದು ಲಕ್ಷಣ ಇದೆ, ಇದು ನಮ್ಮ ಕಡೆ ಜಾಸ್ತಿ: ಬ್ರೇಕ್ ಒತ್ತಿದರೆ ಲೈಟ್ ಮಂಕಾಗಿ ಹತ್ತುತ್ತದೆ, ಇಲ್ಲವೇ ಇಂಡಿಕೇಟರ್ ಹಾಕಿದಾಗ ಅದರ ಜೊತೆಗೆ ಅದೂ ಮಿಣುಕುತ್ತದೆ. ಆಗ ಬಲ್ಬ್ ಸರಿಯಾಗೇ ಇರಬಹುದು, ಅರ್ಥಿಂಗ್, ಅಂದರೆ ಬಲ್ಬಿನಿಂದ ಕರೆಂಟ್ ವಾಪಸ್ ಹೋಗುವ ದಾರಿ, ಸರಿ ಇಲ್ಲ ಅಂತ ಲೆಕ್ಕ.

ಬಿಚ್ಚುವುದು ಕಷ್ಟವಲ್ಲ. ಲೈಟ್ ಎಲ್ಲ ಆಫ್ ಮಾಡಿ, ಕೀ ತೆಗೆದು, ಬಲ್ಬ್ ತಣ್ಣಗಾಗಲು ಸ್ವಲ್ಪ ಬಿಡಿ. ನನ್ನ ಕಾರಿನಲ್ಲಿ ಡಿಕ್ಕಿ ಬಾಗಿಲು ಎತ್ತಿದರೆ ಟೈಲ್ ಲ್ಯಾಂಪಿನ ಒಳಬದಿಯಲ್ಲಿ ಎರಡು ಸ್ಕ್ರೂ ಕಾಣುತ್ತವೆ. ಸ್ಟಾರ್ ಸ್ಕ್ರೂಡ್ರೈವರಿನಲ್ಲಿ ಅವನ್ನು ತೆಗೆದು, ಲ್ಯಾಂಪನ್ನು ನೇರ ಹಿಂದಕ್ಕೆ ಎಳೆದೆ. ಹೊರಬದಿಯಲ್ಲಿ ಅದು ಪ್ಲಾಸ್ಟಿಕ್ ಪಿನ್ನಿನ ಮೇಲೆ ಕೂತಿರುತ್ತದೆ. ಪಕ್ಕಕ್ಕೆ ತಿರುಚಿ ಎಳೆದರೆ ಪಿನ್ ಮುರಿಯುತ್ತದೆ, ಅದು ಮುರಿದರೆ ಇಡೀ ಲ್ಯಾಂಪ್ ಹೊಸದು ತರಬೇಕಾಗಬಹುದು. ಇಲ್ಲಿ ಅವಸರ ಮಾಡಲೇಬೇಡಿ. ಲ್ಯಾಂಪಿನ ಹಿಂದೆ ಇರುವ ಹೋಲ್ಡರನ್ನು ಎಡಕ್ಕೆ ಸ್ವಲ್ಪ ತಿರುಗಿಸಿದರೆ ಕೈಗೆ ಬರುತ್ತದೆ. ಬಲ್ಬನ್ನು ಒಳಕ್ಕೆ ಒತ್ತಿ, ಎಡಕ್ಕೆ ತಿರುಗಿಸಿ, ಬಿಡಿ.

ಹಳೆ ಬಲ್ಬನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಗೆ ಕಪ್ಪಾಗಿದ್ದರೆ ಅದು ವಯಸ್ಸಾಗಿ ಹೋದದ್ದು, ಟಂಗ್‌ಸ್ಟನ್ ತಂತಿ ಕಾದು ಕಾದು ಆವಿಯಾಗಿ ಗಾಜಿಗೆ ಅಂಟಿರುತ್ತದೆ. ಒಳಗೆ ಹಾಲಿನ ಹಾಗೆ ಬಿಳಿ ಪುಡಿ ಕೂತಿದ್ದರೆ ಬಲ್ಬಿನೊಳಗೆ ಗಾಳಿ ಹೋಗಿದೆ ಅಂತ ಅರ್ಥ, ಗಾಜು ಎಲ್ಲೋ ಬಿರುಕು ಬಿಟ್ಟಿದೆ. ಕಾದ ಗಾಜಿನ ಮೇಲೆ ನೀರಿನ ಹನಿ ಬಿದ್ದರೆ ಹೀಗಾಗುತ್ತದೆ. ನನ್ನದು ಬಿಳಿಯಾಗಿತ್ತು. ಅಂದರೆ ಲ್ಯಾಂಪಿನೊಳಗೆ ನೀರು ಬರುತ್ತಿದೆ, ಹೊಸ ಬಲ್ಬ್ ಹಾಕಿದರೂ ಅದರ ಗತಿಯೂ ಅಷ್ಟೇ ಅಂತ ಅಲ್ಲೇ ಗೊತ್ತಾಯಿತು.

ಹೋಲ್ಡರಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಹಿತ್ತಾಳೆ ಪಾಯಿಂಟುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಕಿಲುಬಿನ ಮೂಲಕ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಆ ಜಾಗ ಬಿಸಿಯಾಗುತ್ತದೆ, ಕೊನೆಗೆ ಪ್ಲಾಸ್ಟಿಕ್ಕೂ ಕರಗುತ್ತದೆ. ನಯವಾದ ಉಪ್ಪುಕಾಗದವನ್ನು ಕಡ್ಡಿಗೆ ಸುತ್ತಿ, ಲೋಹ ಹೊಳೆಯುವವರೆಗೂ ಮೆತ್ತಗೆ ಉಜ್ಜಿದೆ. ಪುಡಿಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಲು ಬಿಟ್ಟೆ. ಲ್ಯಾಂಪಿನ ಹಿಂದಿನ ರಬ್ಬರ್ ಒಂದು ಕಡೆ ಗಟ್ಟಿಯಾಗಿ ಸೀಳಿತ್ತು, ನೀರು ಬರುತ್ತಿದ್ದದ್ದು ಅಲ್ಲಿಂದಲೇ. ಹೊಸ ರಬ್ಬರ್ ಹಾಕಿದೆ. ಲ್ಯಾಂಪಿನ ಕೆಳಗಡೆ ನೀರು ಬಸಿಯಲು ಸಣ್ಣ ತೂತು ಇದ್ದರೆ ಅದನ್ನು ಮಾತ್ರ ಸಿಲಿಕಾನ್ ಹಾಕಿ ಮುಚ್ಚಬೇಡಿ, ಒಳಗಿನ ಹಸಿ ಹೋಗುವುದೇ ಅಲ್ಲಿಂದ.

ಹೊಸ ಬಲ್ಬಿಗೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗಿದ್ದೆ, ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡೇ. ಬಹಳ ಕಾರುಗಳಿಗೆ 12 ವೋಲ್ಟಿನ 21/5 ವ್ಯಾಟ್ ಡಬಲ್ ಫಿಲಮೆಂಟ್ ಬಲ್ಬ್ ಬರುತ್ತದೆ. 5 ವ್ಯಾಟಿನ ತಂತಿ ರಾತ್ರಿ ಉರಿಯುವ ಪಾರ್ಕಿಂಗ್ ಲೈಟಿಗೆ, 21ರದ್ದು ಬ್ರೇಕಿಗೆ. ಪಕ್ಕದ ಎರಡು ಪಿನ್ ಒಂದೇ ಎತ್ತರದಲ್ಲಿ ಇರುವುದಿಲ್ಲ, ಬಲ್ಬ್ ಉಲ್ಟಾ ಕೂರದಿರಲಿ ಅಂತಲೇ ಹಾಗೆ ಮಾಡಿರುತ್ತಾರೆ. ಕೂರುತ್ತಿಲ್ಲ ಅಂದರೆ ಬಲವಂತ ಮಾಡದೆ ಅರ್ಧ ಸುತ್ತು ತಿರುಗಿಸಿ ಹಾಕಿ. ಗಾಜನ್ನು ಬಟ್ಟೆಯಲ್ಲಿ ಹಿಡಿಯುವುದು ಒಳ್ಳೆಯದು. ಹೆಡ್‌ಲೈಟಿನ ಹ್ಯಾಲೊಜೆನ್ ಬಲ್ಬಿಗೆ ಅದು ಕಡ್ಡಾಯ, ಇದಕ್ಕೆ ಅಷ್ಟಿಲ್ಲ.

ಅಂಗಡಿಯವರು ಎಲ್‌ಇಡಿ ತೋರಿಸಿದರು, ನಾನು ಬೇಡ ಅಂದೆ. ಅಗ್ಗದ ಎಲ್‌ಇಡಿಗಳಲ್ಲಿ ಪಾರ್ಕಿಂಗಿಗೂ ಬ್ರೇಕಿಗೂ ಬೆಳಕಿನ ವ್ಯತ್ಯಾಸ ಸಾಕಾಗುವುದಿಲ್ಲ. ಬಿಳಿ ಎಲ್‌ಇಡಿ ಆದರೆ ಕೆಂಪು ಗಾಜಿನ ಹಿಂದೆ ಗುಲಾಬಿ ಬಣ್ಣಕ್ಕೆ ಕಾಣುತ್ತದೆ. ಆಗುಂಬೆಯಲ್ಲಿ ಮಂಜು ಕವಿದಾಗ ಹಿಂದಿನವರಿಗೆ ಕಾರು ಕಾಣುವುದಿಲ್ಲ, ಆ ಕೆಂಪು ಚುಕ್ಕೆಗಳು ಕಾಣುತ್ತವೆ. ಬ್ರೇಕ್ ಒತ್ತಿದ್ದು ಅವರಿಗೆ ಥಟ್ಟನೆ ತಿಳಿಯಬೇಕು. ಬಲ್ಬಿಗೆ ನೂರು ರೂಪಾಯಿಯೂ ಆಗುವುದಿಲ್ಲ, ಎರಡು ತಂದು ಎರಡೂ ಕಡೆ ಹಾಕಿದೆ. ಎರಡೂ ಒಂದೇ ಕಾಲದಲ್ಲಿ ಹಾಕಿದವು, ಇನ್ನೊಂದೂ ಇವತ್ತೋ ನಾಳೆಯೋ ಹೋಗುತ್ತದೆ ಅಲ್ವಾ?

ಘಾಟಿಯ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಆಗುಂಬೆಯ 14 ತಿರುವುಗಳನ್ನು ಸೆಕೆಂಡ್ ಗೇರಿನಲ್ಲಿ ಇಂಜಿನ್ ಹಿಡಿತದ ಮೇಲೆ ಇಳಿಯುವುದು ಸರಿಯಾದ ಕ್ರಮವೇ. ಆದರೆ ಹಾಗೆ ಇಳಿಯುವಾಗ ಪೆಡಲ್ ಒತ್ತದೆ ವೇಗ ಕಡಿಮೆಯಾಗುವುದರಿಂದ ಬ್ರೇಕ್ ಲೈಟ್ ಹತ್ತುವುದಿಲ್ಲ. ಹಿಂದೆ ಗಾಡಿ ಇದ್ದರೆ ತಿರುವಿಗೆ ಮೊದಲು ಪೆಡಲನ್ನು ಒಂದೆರಡು ಸಲ ಮೆಲ್ಲಗೆ ಮುಟ್ಟಿ.

ಲ್ಯಾಂಪನ್ನು ವಾಪಸ್ ಕೂರಿಸುವ ಮೊದಲೇ ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್ ಮೂರನ್ನೂ ಹಾಕಿ ನೋಡಿ. ಪಾರ್ಕಿಂಗ್ ಲೈಟ್ ಆನ್ ಇರುವಾಗಲೇ ಬ್ರೇಕ್ ಒತ್ತಿ, ಬೆಳಕು ಎದ್ದು ಕಾಣುವ ಹಾಗೆ ಜಾಸ್ತಿ ಆಗಬೇಕು. ಸ್ಕ್ರೂಗಳನ್ನು ಹದವಾಗಿ ಬಿಗಿ ಮಾಡಿ, ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ.

ಹೋಲ್ಡರ್ ಕರಗಿ ಸೊಟ್ಟಗಾಗಿದ್ದರೆ ಅಥವಾ ವೈರಿನ ಸಿಪ್ಪೆ ಸುಟ್ಟಿದ್ದರೆ ಮಾತ್ರ ಉಜ್ಜಿ ಪ್ರಯೋಜನವಿಲ್ಲ. ಅಂಥದ್ದನ್ನು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದು ಹೋಲ್ಡರನ್ನೇ ಬದಲಾಯಿಸಿ. ಹಾಗೇ, ಬೆಳಕು ಜಾಸ್ತಿ ಬರಲಿ ಅಂತ 21ಕ್ಕಿಂತ ಹೆಚ್ಚು ವ್ಯಾಟಿನ ಬಲ್ಬ್ ಹಾಕಬೇಡಿ, ಆ ಬಿಸಿಗೂ ಹೋಲ್ಡರ್ ಕರಗುತ್ತದೆ.