ಮಗನ ಯುಡಿಐಡಿ ಕಾರ್ಡು, ನನ್ನ ಸರ್ವಿಸ್ ಬುಕ್ಕು: ನನ್ನ ಅನುಭವ

ಮಗುವಿಗೆ ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿದ್ರೆ ನಮ್ಮ ಸಂಬಳ, ರಜೆ, ಪೆನ್ಶನ್ ಇದಕ್ಕೆಲ್ಲ ಏನಾದ್ರೂ ಹೊಡೆತ ಬೀಳುತ್ತಾ ಅಂತ ತುಂಬಾ ಜನ ತಂದೆತಾಯಿ ನನ್ನನ್ನ ಕೇಳಿದ್ದಾರೆ. ನಾನು ಕೇಂದ್ರ ಸರ್ಕಾರಿ ನೌಕರಳು, 2004ಕ್ಕೂ ಮುಂಚೆ ಸೇರಿದವಳು, ಹಾಗಾಗಿ ಹಳೇ ಪೆನ್ಶನ್. ನಮ್ಮ ಮನೆಯವರು ಖಾಸಗಿ ಕಂಪನಿ. ಮಗನಿಗೆ ಬೌದ್ಧಿಕ ಅಂಗವೈಕಲ್ಯ ಇದೆ, ಇನ್ನೇನು ಹದಿನೆಂಟು ತುಂಬುತ್ತೆ, ಅವನಿಗಿಂತ ದೊಡ್ಡವಳು ಮಗಳು. ನಮ್ಮ ವಿಷಯದಲ್ಲಿ ಹೊಡೆತ ಬಿದ್ದಿಲ್ಲ, ಬದಲಿಗೆ ಅವನ ಹೆಸರಲ್ಲಿ ಮಾಡಿಸಿದ ಒಂದು ಕಾಗದದಿಂದ ನನಗೆ ಬರಬೇಕಾದ ನಾಲ್ಕೈದು ಸೌಲಭ್ಯಗಳ ಬಾಗಿಲು ತೆಗೀತು. ಆದ್ರೆ ತಾನಾಗೇ ಯಾವುದೂ ತೆಗೆಯಲ್ಲ, ಪ್ರತಿಯೊಂದನ್ನೂ ಬರೆದು ಕೊಟ್ಟು ಕೇಳಬೇಕು.

ಸರ್ಟಿಫಿಕೇಟ್ ಬೇಡ, ಹುಡುಗನಿಗೆ ಹಣೆಪಟ್ಟಿ ಹಚ್ಚಿದ ಹಾಗಾಗುತ್ತೆ ಅಂತ ಮನೇಲಿ ಹಿರಿಯರು ಅಂದ್ರು, ಅವರ ನೋವು ನನಗೂ ಅರ್ಥ ಆಗುತ್ತೆ. ಆದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿಸಿದ್ದಾರೆ, 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಹೆಚ್ಚಿನ ಸೌಲಭ್ಯ ಎಲ್ಲ ಅಲ್ಲಿಂದಲೇ ಶುರು, ಆ ಕಾಗದ ಇಲ್ಲದೆ ಯಾವ ಆಫೀಸಲ್ಲೂ ಮಾತೇ ಮುಂದೆ ಹೋಗಲ್ಲ. ಇದಕ್ಕೇ ಅಂತ ಇರೋ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ಅಸೆಸ್‌ಮೆಂಟ್ ಮಾಡಿಸಿ, ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಕೊಡೋ ಗುರುತಿನ ಚೀಟಿ) ತಗೊಂಡ್ವಿ. ಸರ್ಟಿಫಿಕೇಟ್ ತಾತ್ಕಾಲಿಕನಾ ಪರ್ಮನೆಂಟಾ ಅಂತ ಮೊದಲು ನೋಡ್ಕೊಳ್ಳಿ, ತಾತ್ಕಾಲಿಕ ಆದ್ರೆ ಅದರ ಕೊನೇ ತಾರೀಖಿಗಿಂತ ಮುಂಚೆನೇ ರಿನ್ಯೂವಲ್‌ಗೆ ಓಡಾಡಬೇಕು, ಇಲ್ಲಾಂದ್ರೆ ನಿಮ್ಮ ಸೌಲಭ್ಯನೂ ಅಲ್ಲೇ ನಿಂತು ಹೋಗುತ್ತೆ.

ಕಾರ್ಡ್ ಬಂದ ತಕ್ಷಣ ನಾನು ಅದರ ಪ್ರತಿ ಲಗತ್ತಿಸಿ ನಮ್ಮ ಆಫೀಸಲ್ಲಿ ನೌಕರರ ದಾಖಲೆ ನೋಡೋ ಎಸ್ಟಾಬ್ಲಿಶ್‌ಮೆಂಟ್ ಸೆಕ್ಷನ್‌ಗೆ ಒಂದು ಪತ್ರ ಕೊಟ್ಟೆ, ನನ್ನ ಮಗನಿಗೆ ಇಷ್ಟು ಪರ್ಸೆಂಟ್ ಅಂಗವೈಕಲ್ಯ ಇದೆ, ಇದನ್ನ ನನ್ನ ಸರ್ವಿಸ್ ಬುಕ್‌ನಲ್ಲಿ (ನೌಕರಿಯ ಪೂರ್ತಿ ದಾಖಲೆ ಪುಸ್ತಕ) ನಮೂದಿಸಿ ಅಂತ. ಸ್ವೀಕೃತಿ ಮುದ್ರೆ ಹಾಕಿಸ್ಕೊಂಡೇ ಬಂದೆ.

ಮೊದಲು ಬಂದಿದ್ದು ಮಕ್ಕಳ ಶಿಕ್ಷಣ ಭತ್ಯೆ. ದಿವ್ಯಾಂಗ ಮಕ್ಕಳಿಗೆ ಇದು ಡಬಲ್. ಏಳನೇ ವೇತನ ಆಯೋಗದಲ್ಲಿ ತಿಂಗಳಿಗೆ 2,250 ರೂಪಾಯಿ ಇತ್ತು, ದಿವ್ಯಾಂಗ ಮಗುವಿಗೆ 4,500. ಡಿಎ (ತುಟ್ಟಿಭತ್ಯೆ) 50 ಪರ್ಸೆಂಟ್ ಮುಟ್ಟಿದ ಮೇಲೆ 2024ರ ಜನವರಿಯಿಂದ ಅದು 2,812.50 ಮತ್ತು 5,625 ಆಯ್ತು. ನಿಜವಾದ ಖರ್ಚು ಎಷ್ಟೇ ಆಗಿರ್ಲಿ ಕೊಡೋದು ಇಷ್ಟೇ. ವಿಶೇಷ ಶಾಲೆಯಾದ್ರೂ ಮಾನ್ಯತೆ ಇರೋದಾಗಬೇಕು. ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರ್ಕಾರಿ ನೌಕರರಾದ್ರೆ ಒಬ್ಬರು ಮಾತ್ರ ತಗೋಬಹುದು.

ರಜೆ ವಿಷಯ ನನಗೆ ದುಡ್ಡಿಗಿಂತ ದೊಡ್ಡದು. ಚೈಲ್ಡ್ ಕೇರ್ ಲೀವ್, ಅಂದ್ರೆ ಮಕ್ಕಳ ಆರೈಕೆಗೆ ಕೊಡೋ ರಜೆ, ಇಡೀ ಸರ್ವಿಸ್‌ಗೆ 730 ದಿನ, ಮಾಮೂಲಿಯಾಗಿ ಮಗುವಿಗೆ 18 ತುಂಬೋವರೆಗೆ ಮಾತ್ರ, ಆದ್ರೆ 40 ಪರ್ಸೆಂಟ್ ಅಥವಾ ಜಾಸ್ತಿ ಅಂಗವೈಕಲ್ಯ ಇರೋ ಮಗುವಿಗೆ ವಯಸ್ಸಿನ ಮಿತಿನೇ ಇಲ್ಲ. ಇದು ನನಗೆ ಎಷ್ಟು ಸಮಾಧಾನ ಕೊಡ್ತು ಅಂತ ಹೇಳಕ್ಕಾಗಲ್ಲ, ಯಾಕಂದ್ರೆ ಬೇರೆ ಮಕ್ಕಳಿಗೆ ಹದಿನೆಂಟರ ಹೊತ್ತಿಗೆ ಅಮ್ಮನ ರಜೆ ಬೇಕಾಗಲ್ಲ, ನಮ್ಮ ಮಕ್ಕಳಿಗೆ ಬೇಕಾಗುತ್ತೆ. ಮೊದಲ 365 ದಿನ ಪೂರ್ತಿ ಸಂಬಳ, ಆಮೇಲಿನ 365 ದಿನಕ್ಕೆ 80 ಪರ್ಸೆಂಟ್. ಒಂದು ಸಲಕ್ಕೆ ಕಮ್ಮಿ ಅಂದ್ರೆ ಐದು ದಿನ, ವರ್ಷಕ್ಕೆ ಹೆಚ್ಚಂದ್ರೆ ಮೂರು ಸಲ. ಇದು ಹಕ್ಕು ಅಂತ ಕೇಳಕ್ಕಾಗಲ್ಲ, ಮಂಜೂರು ಆಗಬೇಕು, ಅದಕ್ಕೆ ನಾನು ಥೆರಪಿ ಶೆಡ್ಯೂಲು, ಡಾಕ್ಟರ ಪತ್ರ ಎಲ್ಲ ಜೊತೆಗಿಟ್ಟು ಸಾಕಷ್ಟು ಮುಂಚಿತವಾಗಿ ಅರ್ಜಿ ಹಾಕ್ತೀನಿ. ಹೆಂಡತಿ ಇಲ್ಲದೆ ಒಬ್ಬರೇ ಮಗುವನ್ನ ನೋಡ್ಕೊಳ್ಳೋ ತಂದೆಯರಿಗೂ ಈ ರಜೆ ಇದೆ.

ವರ್ಗಾವಣೆ ವಿಷಯದಲ್ಲೂ ಈ ಸರ್ಟಿಫಿಕೇಟ್ ಉಪಯೋಗಕ್ಕೆ ಬರುತ್ತೆ. ಮಗುವಿನ ಮುಖ್ಯ ಆರೈಕೆ ಮಾಡೋ ನೌಕರರನ್ನ ಮಾಮೂಲಿ ರೊಟೇಶನ್ ವರ್ಗಾವಣೆಯಿಂದ ಬಿಡಬಹುದು ಅಂತ 2014ರ ಜೂನ್‌ನಲ್ಲಿ ಒಂದು ಆದೇಶ ಬಂತು, 2018ರ ಅಕ್ಟೋಬರ್‌ನಲ್ಲಿ ಅದನ್ನ ಇನ್ನೂ ವಿಸ್ತರಿಸಿದ್ರು. ವರ್ಗಾವಣೆ ಪಟ್ಟಿ ಬಂದ ಮೇಲೆ ಹೋಗಿ ಕೇಳೋದಕ್ಕಿಂತ ಮುಂಚೆನೇ ಫೈಲಲ್ಲಿ ಪತ್ರ ಇರೋದು ಒಳ್ಳೇದು.

ಟ್ಯಾಕ್ಸ್‌ನಲ್ಲಿ ನಾವು ಸ್ವಲ್ಪ ಕೂತು ಲೆಕ್ಕ ಹಾಕಿದ್ವಿ. ಅಂಗವಿಕಲ ಅವಲಂಬಿತರನ್ನ ನೋಡ್ಕೊಳ್ಳೋರಿಗೆ ಇರೋ 80ಡಿಡಿ ಅಡಿಯಲ್ಲಿ 40 ಪರ್ಸೆಂಟ್ ಅಥವಾ ಜಾಸ್ತಿ ಇದ್ರೆ 75,000, 80 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ 1,25,000 ರೂಪಾಯಿ ಕಡಿತ ಸಿಗುತ್ತೆ, ಎಷ್ಟು ಖರ್ಚಾಯ್ತು ಅಂತ ನೋಡಲ್ಲ. ಆದ್ರೆ ಇದು ಹಳೇ ರೆಜೀಮ್‌ನಲ್ಲಿ (ಹಳೇ ತೆರಿಗೆ ಪದ್ಧತಿ) ಮಾತ್ರ. ನನಗೆ ಹೊಸ ರೆಜೀಮ್ ಲಾಭ, ಮನೆಯವರಿಗೆ ಹೋಮ್ ಲೋನ್ ಇರೋದ್ರಿಂದ ಹಳೇದು ಲಾಭ, ಹಾಗಾಗಿ ಅವರೇ ಕ್ಲೈಮ್ ಮಾಡ್ತಾರೆ. ಮಗ ತಾನೇ ದೊಡ್ಡವನಾಗಿ ತನ್ನ ರಿಟರ್ನ್‌ನಲ್ಲಿ 80ಯು (ಅಂಗವಿಕಲರು ತಮಗೇ ತಗೊಳ್ಳೋ ಕಡಿತ) ಕ್ಲೈಮ್ ಮಾಡಿದ್ರೆ ಆಗ ತಂದೆಗೆ 80ಡಿಡಿ ಸಿಗಲ್ಲ, ಇದನ್ನ ನೆನಪಿಟ್ಕೊಳ್ಳಿ. ಇನ್ನೊಂದು, ಚಿಕ್ಕ ಮಕ್ಕಳ ಹೆಸರಲ್ಲಿ ಇಟ್ಟ ಡೆಪಾಸಿಟ್ಟಿನ ಬಡ್ಡಿಯನ್ನ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸ್ತಾರೆ, ಆದ್ರೆ 80ಯು ಹೇಳೋ ಥರದ ಅಂಗವೈಕಲ್ಯ ಇರೋ ಮಗುವಿಗೆ ಆ ಸೇರಿಸೋ ನಿಯಮ ಇಲ್ಲ.

ರಾಜ್ಯ ಸರ್ಕಾರದ ಮಾಸಾಶನಕ್ಕೆ ಕುಟುಂಬದ ವರಮಾನದ ಮಿತಿ ಇದೆ, ನನ್ನ ಸಂಬಳ ಇರೋವಾಗ ಅದು ನಮಗೆ ಬರಲ್ಲ. ಆದ್ರೆ ನಿರಾಮಯ ಅನ್ನೋ ಆರೋಗ್ಯ ಇನ್ಶೂರೆನ್ಸ್ ನಮ್ಮಂಥವರಿಗೂ ಇದೆ, ಒಂದು ಲಕ್ಷದವರೆಗೆ, ಥೆರಪಿ ಖರ್ಚೂ ಅದರಲ್ಲಿ ಬರುತ್ತೆ. ಸಿಜಿಎಚ್‌ಎಸ್‌ನಲ್ಲೂ (ಕೇಂದ್ರ ನೌಕರರ ಆರೋಗ್ಯ ಯೋಜನೆ) ಗಂಡು ಮಕ್ಕಳ ಹೆಸರು 25ಕ್ಕೆ ತೆಗೆದುಬಿಡ್ತಾರೆ, ಶಾಶ್ವತ ಅಂಗವೈಕಲ್ಯ ಇದ್ದು ಅವಲಂಬಿತನಾಗಿದ್ರೆ ಆ ವಯಸ್ಸಿನ ಮಿತಿ ಇಲ್ಲ.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ, ಕುಟುಂಬ ಪಿಂಚಣಿ. ನಾವಿಬ್ಬರೂ ಹೋದ ಮೇಲೆ ಅವನ ಗತಿ ಏನು ಅನ್ನೋದು ಪ್ರತಿ ತಾಯಿಯ ಎದೆಯೊಳಗಿನ ಪ್ರಶ್ನೆ. ನನ್ನ ನಂತರ ಕುಟುಂಬ ಪಿಂಚಣಿ ನಮ್ಮ ಮನೆಯವರಿಗೆ, ಅವರ ನಂತರ 25ರ ಒಳಗಿನ ಮಕ್ಕಳಿಗೆ, ಆಮೇಲೆ ದುಡಿದು ತಿನ್ನಕ್ಕಾಗದ ಅಂಗವಿಕಲ ಮಗನಿಗೆ ಜೀವನಪರ್ಯಂತ. ಸೆಕ್ಷನ್‌ನಲ್ಲಿ ಕೇಳಿದಾಗ, ಮೇಡಂ ಇದೆಲ್ಲ ರಿಟೈರ್ ಆಗೋವಾಗ ನೋಡ್ಕೊಂಡ್ರಾಯ್ತು ಬಿಡಿ ಅಂದ್ರು. ನಾನು ಬಿಡಲಿಲ್ಲ. ಕುಟುಂಬದ ವಿವರ ಕೊಡೋ ಫಾರ್ಮ್ 4ರಲ್ಲಿ ಅವನ ಹೆಸರು, ಅಂಗವೈಕಲ್ಯ ಎರಡನ್ನೂ ಬರೆದು ಹೊಸದಾಗಿ ಕೊಟ್ಟೆ. ರಿಟೈರ್ ಆಗೋವಾಗ ಪಿಪಿಒದಲ್ಲೇ (ಪೆನ್ಶನ್ ಕೊಡೋ ಆದೇಶ ಪತ್ರ) ಅವನ ಹೆಸರು ಸೇರಿಸಬಹುದು, ಅದಕ್ಕೆ ಬೇಕಾದ ದಾಖಲೆ ನಾವು ಬದುಕಿರೋವಾಗ್ಲೇ ಫೈಲಲ್ಲಿ ಇದ್ರೆ ಆಮೇಲೆ ಆ ಮಗು ಕಂಬ ಕಂಬ ಸುತ್ತೋ ಹಾಗಾಗಲ್ಲ. ಪರ್ಸೆಂಟ್ ಜಾಸ್ತಿ ಇದ್ರೆ ಸಾಕು ಅಂದ್ಕೋಬೇಡಿ, ಜೀವನೋಪಾಯಕ್ಕೆ ದುಡಿಯಲು ಅಸಮರ್ಥ ಅನ್ನೋ ಮಾತು ವೈದ್ಯಕೀಯ ಸರ್ಟಿಫಿಕೇಟ್‌ನಲ್ಲಿ ಬರಬೇಕು, ಪಿಂಚಣಿ ನಿಯಮ ಕೇಳೋದು ಅದನ್ನೇ.

ಮಗನ ಹೆಸರಲ್ಲಿ ದುಡ್ಡಿಟ್ರೆ ಪಿಂಚಣಿ ಕೈ ತಪ್ಪುತ್ತೆ ಅಂತ ಒಂದು ಭಯ ತುಂಬಾ ಜನಕ್ಕಿದೆ. ಮುಂಚೆ ಅದು ನಿಜಾನೇ, ಅವನ ಬೇರೆ ಆದಾಯ ತಿಂಗಳಿಗೆ 9,000 ಮತ್ತು ಅದರ ಮೇಲಿನ ತುಟ್ಟಿ ಪರಿಹಾರ (ಬೆಲೆ ಏರಿಕೆಗೆ ಪೆನ್ಶನ್ ಮೇಲೆ ಕೊಡೋ ಹಣ) ದಾಟಿದ್ರೆ ಅರ್ಹತೆ ಹೋಗ್ತಿತ್ತು. 2021ರ ಫೆಬ್ರವರಿಯಲ್ಲಿ ಅದನ್ನ ಬದಲಾಯಿಸಿದ್ರು, ಈಗ ಅವನ ಬೇರೆ ಆದಾಯ ಅವನಿಗೆ ಬರಬೇಕಾದ ಕುಟುಂಬ ಪಿಂಚಣಿ, ಅಂದ್ರೆ ಪೋಷಕರ ಕೊನೇ ಸಂಬಳದ 30 ಪರ್ಸೆಂಟ್ ಮತ್ತು ತುಟ್ಟಿ ಪರಿಹಾರಕ್ಕಿಂತ ಕಮ್ಮಿ ಇದ್ರೆ ಸಾಕು. ಇದು ಬಹಳ ಒಳ್ಳೇ ಬದಲಾವಣೆ, ಈಗ ಅವನ ಹೆಸರಲ್ಲಿ ಒಂದಿಷ್ಟು ಕೂಡಿಡೋಕೆ ಹೆದರಬೇಕಾಗಿಲ್ಲ, ಆದ್ರೆ ಬಡ್ಡಿ ಎಷ್ಟಾಗುತ್ತೆ ಅನ್ನೋದರ ಮೇಲೆ ಕಣ್ಣಿಟ್ಟಿರಬೇಕು. ತಂದೆತಾಯಿ ಇಬ್ಬರೂ ಸರ್ಕಾರಿ ನೌಕರರಾದ್ರೆ ಮಗುವಿಗೆ ಎರಡೂ ಪಿಂಚಣಿ ಸಿಗಬಹುದು, ಎರಡೂ ಸೇರಿ ತಿಂಗಳಿಗೆ 1,25,000 ಮಿತಿ, ಇದನ್ನೂ ಅದೇ ತಿಂಗಳು 45,000ದಿಂದ ಏರಿಸಿದ್ದು. ಎನ್‌ಪಿಎಸ್, ಅಂದ್ರೆ 2004ರಿಂದ ಸೇರಿದವರ ಹೊಸ ಪೆನ್ಶನ್ ಪದ್ಧತಿಯಲ್ಲಿ ಇರೋರಿಗೆ ಲೆಕ್ಕ ಬೇರೆ, ಸರ್ವಿಸಲ್ಲಿರುವಾಗಲೇ ತೀರಿಕೊಂಡ್ರೆ ಕುಟುಂಬದವರಿಗೆ ಹಳೇ ಪದ್ಧತಿಯ ಕುಟುಂಬ ಪಿಂಚಣಿ ಬೇಕಾ ಎನ್‌ಪಿಎಸ್ ಹಣ ಬೇಕಾ ಅಂತ ಆಪ್ಷನ್ ಫಾರ್ಮ್ ಇದೆ, ಅದನ್ನ ತುಂಬಿದ್ದೀರಾ ಅಂತ ಇವತ್ತೇ ನೋಡಿ.

ಬೌದ್ಧಿಕ ಅಂಗವೈಕಲ್ಯ ಇರೋ ಮಗನಿಗೆ ಪಿಂಚಣಿ ಅವನ ಪರವಾಗಿ ಇನ್ನೊಬ್ಬರ ಮೂಲಕ ಬರುತ್ತೆ, ಅವರು ಯಾರು ಅಂತ ನೌಕರರೇ ನಾಮಿನೇಟ್ ಮಾಡಿಟ್ರೆ ಆಮೇಲೆ ಕೋರ್ಟಿನ ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ ಅಂತ ಓಡಾಡಿಸೋದು ತಪ್ಪುತ್ತೆ. ನಾನು ಮಗಳ ಹೆಸರು ಬರೆದಿದ್ದೀನಿ. ಬರೆಯೋಕೆ ಮುಂಚೆ ಅವಳನ್ನ ಕೂರಿಸ್ಕೊಂಡು ಕೇಳಿದೆ, ಇದು ನಿನ್ನ ಮೇಲೆ ಹೊರಿಸೋದಲ್ಲ, ನಿನಗಾಗಲ್ಲ ಅಂದ್ರೆ ಬೇರೆ ಯೋಚನೆ ಮಾಡೋಣ ಅಂತ. ತಮ್ಮನ ವಿಷಯ ನಾನಲ್ದೆ ಇನ್ಯಾರು ನೋಡ್ಬೇಕಮ್ಮ ಅಂದ್ಲು.

ಅವನಿಗೆ ಹದಿನೆಂಟಾದ ಮೇಲೆ ಕಾನೂನಿನ ಪ್ರಕಾರ ತಂದೆತಾಯಿಯಾದ ನಾವೂ ತಾನಾಗೇ ಅವನ ಗಾರ್ಡಿಯನ್ ಅಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಇರೋ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಗಾರ್ಡಿಯನ್‌ಶಿಪ್ ತಗೋಬೇಕು, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಈ ನಾಲ್ಕಕ್ಕೆ ಇದು ಅನ್ವಯ. ಆ ಅರ್ಜಿಗೆ ಬೇಕಾದ ಕಾಗದಗಳನ್ನ ಈಗ ಜೋಡಿಸ್ತಾ ಇದ್ದೀವಿ, ಆದೇಶ ಕೈಗೆ ಬಂದ ಮೇಲೆ ಅದರ ಒಂದು ಪ್ರತಿನೂ ನನ್ನ ಸರ್ವಿಸ್ ಬುಕ್ಕಿಗೆ ಸೇರಿಸಕ್ಕೆ ಕೊಡ್ತೀನಿ.