ಒಂದು ಕಣ್ಣಿಗೆ ಹನಿ, ಎರಡೂ ಕಣ್ಣಿಗೆ ಅಳತೆ

ವಯಸ್ಸಾದ ಬೆಕ್ಕಿಗೆ ಬಿ.ಪಿ. ಜಾಸ್ತಿಯಾದರೆ ರೆಟಿನಾಗೆ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರಕ್ಕೆ, ಪೆಟ್ಟು ಬೀಳಬಹುದು. ರೆಟಿನಾವನ್ನು ಪೂರ್ತಿ ನೋಡಬೇಕಾದರೆ ಕಣ್ಣುಪಾಪೆ ಹಿಗ್ಗಬೇಕು. ಅದಕ್ಕೆ ನಾವು ಪಶುವೈದ್ಯರು ಟ್ರೋಪಿಕಮೈಡ್ ಹನಿ ಹಾಕುತ್ತೇವೆ. ಆಮೇಲೆ ಕಣ್ಣಿನ ಒತ್ತಡ (ಕಣ್ಣುಗುಡ್ಡೆಯ ಒಳಗಿನ ಒತ್ತಡ, ಬಿ.ಪಿ. ಅಲ್ಲ) ಅಳೆದಾಗ ಅಂಕಿ ಏರಿದ್ದರೆ ಅದು ಕಾಯಿಲೆಯದೋ, ಔಷಧಿಯದೋ? ಆರೋಗ್ಯವಾಗಿರುವ ಕಣ್ಣಿನಲ್ಲಿ ಈ ಹನಿ ಏನು ಮಾಡುತ್ತದೆ ಅಂತ ತಿಳಿಯದೆ ಇದಕ್ಕೆ ಉತ್ತರ ಸಿಗುವುದಿಲ್ಲ.

ಹಾಗಾಗಿ ತಪಾಸಣೆಗೆ ಬಂದ, ರೆಟಿನಾ ನೋಡಲೇಬೇಕಾದ ಬೆಕ್ಕುಗಳಲ್ಲೇ ಅಳೆಯುತ್ತಾ ಬಂದೆ. ಕಣ್ಣು ಚೆನ್ನಾಗಿರಬೇಕು, ಮನೆಯವರು ಒಪ್ಪಬೇಕು. ಬೆಕ್ಕಿನ ಕಣ್ಣಿನ ಒತ್ತಡ ಹಗಲು ರಾತ್ರಿ ಒಂದೇ ಸಮ ಇರುವುದಿಲ್ಲ. ಅದಕ್ಕೇ ಎಲ್ಲವನ್ನೂ ಬೆಳಗಿನ ಹೊತ್ತೇ ಕರೆಸಿದೆ. ಪುಟ್ಟ ಕಡ್ಡಿಯೊಂದನ್ನು ಕಣ್ಣಿಗೆ ಕ್ಷಣಮಾತ್ರ ತಾಗಿಸಿ ಒತ್ತಡ ಅಳೆಯುವ ರಿಬೌಂಡ್ ಟೋನೋಮೀಟರ್ ಬಳಸಿದ್ದರಿಂದ ಮರಗಟ್ಟಿಸುವ ಹನಿ ಬೇಕಾಗಲಿಲ್ಲ.

ಅಳೆಯುವುದಕ್ಕಿಂತ ಹಿಡಿಯುವುದೇ ದೊಡ್ಡ ಕೆಲಸ. ಕುತ್ತಿಗೆ ಬಿಗಿಯಾಗಿ ಹಿಡಿದರೆ ಒತ್ತಡ ಏರುತ್ತದೆ. ರೆಪ್ಪೆ ಬಿಡಿಸುವಾಗ ಬೆರಳು ಕಣ್ಣುಗುಡ್ಡೆಯನ್ನು ಅದುಮಿದರೂ ಏರುತ್ತದೆ. ಟವೆಲ್ಲಿನಲ್ಲಿ ಸಡಿಲವಾಗಿ ಸುತ್ತಿ, ಬೆರಳನ್ನು ಕಣ್ಣಿನ ಸುತ್ತಲಿನ ಮೂಳೆಯ ಮೇಲಿಟ್ಟು ರೆಪ್ಪೆ ಬಿಡಿಸಬೇಕು. ಇದನ್ನು ನನ್ನ ಸಹಾಯಕರಿಗೆ ಕಲಿಸುವುದಕ್ಕೇ ಜಾಸ್ತಿ ಸಮಯ ಕೊಟ್ಟೆ.

ಹನಿ ಹಾಕುವ ಮೊದಲು ಎರಡೂ ಕಣ್ಣು ಅಳೆದೆ. ಸಾಮಾನ್ಯವಾಗಿ 15ರಿಂದ 25 ಮಿ.ಮೀ. ಪಾದರಸದೊಳಗೆ ಇರುತ್ತದೆ. ಆಮೇಲೆ ಬಲಗಣ್ಣಿಗೆ ಒಂದೇ ಒಂದು ಹನಿ. ಎರಡು ಹನಿ ಹಾಕಿ ಪ್ರಯೋಜನವಿಲ್ಲ, ಕಣ್ಣಿನಲ್ಲಿ ನಿಲ್ಲದ್ದು ಕಣ್ಣೀರಿನ ನಾಳದಿಂದ ಮೂಗು, ಗಂಟಲಿಗೆ ಇಳಿಯುತ್ತದೆ.

ಅರ್ಧ ಗಂಟೆಯೊಳಗೆ ಪಾಪೆ ದುಂಡಗೆ ಹಿಗ್ಗಿತು. ಒತ್ತಡ ಕೆಲವು ಬೆಕ್ಕುಗಳಲ್ಲಿ ಹಾಗೇ ಇತ್ತು, ಕೆಲವುಗಳಲ್ಲಿ ಏರಿತು. ನನ್ನನ್ನು ಯೋಚನೆಗೆ ಹಚ್ಚಿದ್ದು ಎಡಗಣ್ಣು. ಹನಿ ಬೀಳದ ಆ ಕಣ್ಣಿನಲ್ಲಿ ಪಾಪೆ ಇದ್ದಷ್ಟೇ ಇತ್ತು, ಒತ್ತಡ ಮಾತ್ರ ಏರಿದ್ದುಂಟು. ಬೇರೆಡೆ ನಡೆದ ಅಧ್ಯಯನಗಳಲ್ಲೂ ಇದೇ ಕಂಡಿದೆ. ಅಂದರೆ ಹನಿ ಹಾಕಿದ ಮೇಲೆ ಎರಡು ಕಣ್ಣನ್ನು ಹೋಲಿಸಿ ನೋಡಿದರೆ ಸಾಲದು. ಹನಿಗೆ ಮುಂಚಿನ ಅಂಕಿಯೇ ಬೇಕು. ಒಬ್ಬ ಅಜ್ಜಿ, "ಡಾಕ್ಟ್ರೇ, ಔಷಧಿ ಹಾಕಿದ್ದು ಆ ಕಣ್ಣಿಗಲ್ವಾ, ಇದನ್ನ ಯಾಕೆ ನೋಡ್ತೀರಿ?" ಅಂದರು. ಎರಡೂ ಅಂಕಿ ಬರೆದ ಕಾರ್ಡನ್ನೇ ಅವರಿಗೆ ತೋರಿಸಿದೆ.

ಹಿಗ್ಗಿದ ಪಾಪೆ ಮಾಮೂಲಿಗೆ ಬರಲು ಹಲವು ಗಂಟೆ ಬೇಕು. ಅಲ್ಲಿಯವರೆಗೆ ಬಿಸಿಲಿಗೆ ಬಿಡಬೇಡಿ ಅಂತ ಹೇಳಿ ಕಳಿಸುತ್ತೇನೆ.

ಬೇರೆ ಹನಿಗಳ ಗುಣ ಬೇರೆ. ಪಾಪೆ ಹಿಗ್ಗಿಸುವ ಇನ್ನೊಂದು ಔಷಧಿ ಅಟ್ರೋಪಿನ್ ತುಂಬಾ ಕಹಿ. ಗಂಟಲಿಗೆ ಇಳಿದ ಕೂಡಲೇ ಬೆಕ್ಕು ನೊರೆ ನೊರೆ ಜೊಲ್ಲು ಸುರಿಸುತ್ತದೆ, ಮನೆಯವರು ವಿಷವೇ ಏರಿತು ಅಂತ ಗಾಬರಿಯಾಗುತ್ತಾರೆ. ಅದಕ್ಕೇ ನಾನು ಅಟ್ರೋಪಿನ್ ಹನಿಯ ಬದಲು ಮುಲಾಮನ್ನೇ ಆರಿಸುತ್ತೇನೆ. ನಾಯಿಯ ಕಣ್ಣಿನ ಒತ್ತಡವನ್ನು ಚೆನ್ನಾಗಿ ಇಳಿಸುವ ಲ್ಯಾಟನೊಪ್ರಾಸ್ಟ್ ಬೆಕ್ಕಿನ ಪಾಪೆಯನ್ನು ಗೆರೆಯಷ್ಟು ಸಣ್ಣ ಮಾಡುತ್ತದೆ, ಆರೋಗ್ಯವಾಗಿರುವ ಕಣ್ಣಿನ ಒತ್ತಡ ಮಾತ್ರ ಅದಕ್ಕೆ ಇಳಿಯುವುದಿಲ್ಲ. ಸ್ಟೀರಾಯ್ಡ್ ಹನಿಯಂತೂ ದಿನಗಟ್ಟಲೆ ಹಾಕಿದರೆ ಆರೋಗ್ಯವಾಗಿರುವ ಕಣ್ಣಿನಲ್ಲೂ ಒತ್ತಡ ಏರಿಸಬಲ್ಲದು, ಒಳಗೆ ಅಡಗಿದ ಹರ್ಪಿಸ್ ವೈರಸ್ಸನ್ನೂ ಎಬ್ಬಿಸಬಲ್ಲದು. ಮನೆಯಲ್ಲಿ ಉಳಿದ ಬಾಟಲಿಯಿಂದ ದಯವಿಟ್ಟು ಹಾಕಬೇಡಿ.

ಈಗ ನನ್ನ ಕ್ಲಿನಿಕ್ಕಿನಲ್ಲಿ ಮೊದಲ ಅಳತೆಯೇ 25 ದಾಟಿದರೆ ಟ್ರೋಪಿಕಮೈಡ್ ಮುಟ್ಟುವುದಿಲ್ಲ. ಬೆಕ್ಕನ್ನು ಕತ್ತಲೆ ಮೂಲೆಯಲ್ಲಿ ಬುಟ್ಟಿಯೊಳಗೆ ಸುಮ್ನೆ ಬಿಟ್ಟು, ಗಾಬರಿ ಇಳಿದ ಮೇಲೆ ಮತ್ತೆ ಅಳೆಯುತ್ತೇವೆ. ಆಗಲೂ ಇಳಿಯದಿದ್ದರೆ ಹನಿ ಹಾಕದೆ, ಎರಡೂ ಕಣ್ಣಿನ ಅಂಕಿ ಬರೆದ ಕಾರ್ಡಿನ ಜೊತೆ ಕಣ್ಣಿನ ತಜ್ಞರ ಹತ್ತಿರ ಕಳಿಸುತ್ತೇನೆ.